ಕಡಿಮೆ ಬೆಲೆಯ ಗಾಳದ ಕೋಲಿಗೆ ತಕ್ಕ ದಾರದ ಆಯ್ಕೆ

(ಒಬ್ಬ ವ್ಯವಸಾಯ ಇನ್‌ಸ್ಪೆಕ್ಟರು, ಎಲ್. ಏಜಿ.)

ನಮ್ಮ ಬಯಲುಸೀಮೆಯಲ್ಲಿ ಕೆರೆಯಿಲ್ಲದ ಊರು ಅಪರೂಪವೆಂಬುದು ಸರ್ವರಿಗೂ ತಿಳಿದ ವಿಷಯವಷ್ಟೆ. 2014ರಲ್ಲಿ ಕೃಷಿಭಾಗ್ಯ ಯೋಜನೆಯು ಆರಂಭವಾದ ತರುವಾಯ ಸ್ವಂತ ಜಮೀನುಗಳಲ್ಲಿಯೂ ಕೃಷಿಹೊಂಡಗಳು ಹೆಚ್ಚಿರುವುವು. ಇವುಗಳಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮೊದಲಾದ ಮೀನುಗಳನ್ನು ಬಿಟ್ಟು ಸಾಕುವ ಹಿಡುವಳಿದಾರರು ಅನೇಕರಿದ್ದಾರೆ. ಹೊಂಡದ ಮೀನೆಲ್ಲವನ್ನೂ ಒಮ್ಮೆಗೇ ಹಿಡಿಯುವುದಕ್ಕೆ ಬಲೆಯೇ ಸಾಧನವಾದರೂ, ಮೀನು ಎಷ್ಟು ಬೆಳೆದಿದೆಯೆಂದು ನೋಡುವುದಕ್ಕೂ, ಮನೆಯ ಖರ್ಚಿಗೆ ಒಂದೆರಡು ಮೀನುಗಳನ್ನು ತೆಗೆಯುವುದಕ್ಕೂ, ಬಿಡುವಿನ ವೇಳೆಯ ವಿನೋದಕ್ಕೂ ಗಾಳದ ಕೋಲು ಅನುಕೂಲವಾಗಿದೆ. ಹಿಂದೆ ಬಿದಿರಿನ ಕೋಲು ಇದ್ದ ಕೈಗಳಲ್ಲಿ ಈಗ ರೀಲು ಹಾಕಿದ ಕೋಲನ್ನು ಕಾಣುತ್ತೇವೆ. ಕೋಲು, ರೀಲು ಎರಡೂ ಸೇರಿ ಸುಮಾರು ಒಂದೆರಡು ಸಾವಿರ ರೂಪಾಯಿಗಳಿಗೆ ಪೇಟೆಯಲ್ಲಿ ದೊರೆಯುವುದರಿಂದ ಗ್ರಾಮಗಳಲ್ಲಿ ಯುವಕರು ಇವನ್ನು ಕೊಳ್ಳುತ್ತಿರುವರು.

ಈ ಸಾಮಾನುಗಳನ್ನು ಕೊಳ್ಳುವವರು ಕೋಲಿನ ಬಣ್ಣವನ್ನೂ ರೀಲಿನ ಹೊಳಪನ್ನೂ ನೋಡುವಷ್ಟು ಆಸ್ಥೆಯಿಂದ ದಾರವನ್ನು ನೋಡುವುದಿಲ್ಲ. ಅಂಗಡಿಯವರು ಕೋಲಿನ ಜೊತೆಗೆ ಕೊಟ್ಟ ದಾರವನ್ನೇ ಸುತ್ತಿಕೊಂಡು ಬರುವುದು ವಾಡಿಕೆಯಾಗಿದೆ. ವಾಸ್ತವವಾಗಿ, ಕಡಿಮೆ ಬೆಲೆಯ ಕೋಲು ಒಳ್ಳೆಯ ದಾರದಿಂದ ತೃಪ್ತಿಕರವಾಗಿ ಕೆಲಸಮಾಡುತ್ತದೆ. ಬೆಲೆಯುಳ್ಳ ಕೋಲಾದರೂ ಕೆಟ್ಟ ದಾರದಿಂದ ನಿಷ್ಪ್ರಯೋಜಕವಾಗುತ್ತದೆ. ಆದುದರಿಂದ ದಾರವನ್ನು ಆರಿಸುವ ಕ್ರಮವನ್ನೂ, ಮನೆಯಲ್ಲಿಯೇ ಅದನ್ನು ಪರೀಕ್ಷಿಸುವ ವಿಧಾನವನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದು ಅನುಭವ

ಕೆಲವು ವರ್ಷಗಳ ಹಿಂದೆ ನಾನು ಪ್ರವಾಸದಲ್ಲಿದ್ದಾಗ ಹಿಡುವಳಿದಾರರೊಬ್ಬರು ತಮ್ಮ ಮಗನು ಕೊಂಡುತಂದ ಕೋಲನ್ನು ನನ್ನ ಮುಂದಿಟ್ಟು, ಅದು ಕೆಲಸಕ್ಕೆ ಬಾರದೆಂದು ದೂರಿದರು. ಗಾಳವನ್ನು ಎಷ್ಟು ಬಲವಾಗಿ ಬೀಸಿದರೂ ಹತ್ತು ಹನ್ನೆರಡು ಮೀಟರಿಗಿಂತ ಮುಂದೆ ಹೋಗುತ್ತಿರಲಿಲ್ಲ. ಎರಡು ಮೂರು ಸಲ ಬೀಸುವುದರೊಳಗೆ ದಾರವು ರೀಲಿನಿಂದ ಸುರುಳಿಸುರುಳಿಯಾಗಿ ಉಕ್ಕಿ ಗೋಜಲಾಗುತ್ತಿತ್ತು. ಒಂದು ದಿನ ದೊಡ್ಡ ಮೀನೊಂದು ಗಾಳವನ್ನು ನುಂಗಿ ಓಡಿ, ಕೋಲಿನ ತುದಿಯ ಬಳಿಯಲ್ಲಿಯೇ ದಾರವನ್ನು ಹರಿದುಕೊಂಡು ಹೋಯಿತಂತೆ. “ದಪ್ಪ ದಾರವಿದ್ದರೆ ದೊಡ್ಡ ಮೀನು ತಪ್ಪದು ಎಂದು ಅಂಗಡಿಯವರೇ ಹೇಳಿ ಕೊಟ್ಟರು, ಸ್ವಾಮಿ, ದಪ್ಪವಾದದ್ದನ್ನೇ ಹಾಕಿದ್ದೇವೆ” ಎಂದು ಅವರು ಹೇಳಿದರು.

ದಾರವನ್ನು ಅಳೆದು ನೋಡಲಾಗಿ ಅದು 0.45 ಮಿಲಿಮೀಟರ್ ದಪ್ಪವಿತ್ತು. ರೀಲಾದರೋ 0.25 ಮಿಲಿಮೀಟರ್ ದಾರಕ್ಕೆ ತಕ್ಕ ಚಿಕ್ಕ ರೀಲು. ಕೋಲಿನ ತುದಿಯ ಬಳೆಯು ಸೀಳಿ ಅಲಗಿನಂತಾಗಿ ದಾರವನ್ನು ಹೆರೆಯುತ್ತಿದ್ದುದು ಸಹ ಕಂಡುಬಂದಿತು. ಮೀನು ತಪ್ಪಿಹೋದದ್ದು ದಾರವು ಸಣ್ಣದಾದ್ದರಿಂದಲ್ಲ. ದಾರ, ರೀಲು, ಕೋಲು ಈ ಮೂರಕ್ಕೂ ಹೊಂದಿಕೆ ಇಲ್ಲದುದರಿಂದ.

ಈ ನಷ್ಟವು ಒಂದು ಮೀನಿಗೇ ಮುಗಿಯಲಿಲ್ಲ. ಹರಿದುಹೋದ ದಾರವು ಕೆರೆಯಂಚಿನ ಮುಳುಗಿದ ಜಾಲಿಯ ಗಿಡಕ್ಕೆ ಸುತ್ತಿಕೊಂಡಿತ್ತು. ನಾನು ಮರಳಿ ಆ ಊರಿಗೆ ಹೋದಾಗ ಬೆಳ್ಳಕ್ಕಿಯೊಂದು ಆ ದಾರದಲ್ಲಿ ಕಾಲು ಸಿಕ್ಕಿಕೊಂಡು ತಲೆಕೆಳಗಾಗಿ ತೂಗಾಡುತ್ತಿತ್ತು. ಆ ಯುವಕನೇ ನೀರಿಗಿಳಿದು ದಾರವನ್ನು ಕೊಯ್ದು ಅದನ್ನು ಬಿಡಿಸಿದನು. ಆದರೆ ಅದರ ಕಾಲು ಆಗಲೇ ಕೆಟ್ಟುಹೋಗಿತ್ತು. ದಾರವು ಹರಿಯಲೇಬೇಕಾದರೆ ಗಾಳದ ಗಂಟಿನಲ್ಲಿಯೇ ಹರಿಯಬೇಕು. ಉದ್ದ ದಾರವು ಎಂದಿಗೂ ನೀರಿನಲ್ಲಿ ಉಳಿಯಕೂಡದು. ದಾರವನ್ನು ಆರಿಸುವವರು ಈ ಒಂದು ತತ್ತ್ವವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಿಕ್ಕ ನಿಯಮಗಳು ತಾವಾಗಿಯೇ ಅರ್ಥವಾಗುವುವು.

ರೀಲು ಕೆಲಸಮಾಡುವ ಬಗೆ

ಈ ಬಗೆಯ ರೀಲಿನಲ್ಲಿ ಗಾಳವನ್ನು ಬೀಸುವಾಗ ದಾರ ಸುತ್ತಿದ ಉರುಳೆಯು ತಿರುಗುವುದಿಲ್ಲ. ಅದು ನಿಂತಲ್ಲಿಯೇ ನಿಂತಿದ್ದು, ಕದಿರಿನ ತುದಿಯಿಂದ ನೂಲು ಜಾರುವಂತೆ ದಾರವು ಉರುಳೆಯ ಅಂಚಿನ ಮೇಲಿನಿಂದ ಸುರುಳಿಯಾಗಿ ಜಾರಿಹೋಗುತ್ತದೆ. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ನಗರದಲ್ಲಿ ಬಟ್ಟೆಯ ಗಿರಣಿಯ ಉದ್ಯಮದಲ್ಲಿದ್ದ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಎಂಬವರು 1905ರಲ್ಲಿ ಇಂತಹ ರೀಲಿಗೆ ಪೇಟೆಂಟನ್ನು ಪಡೆದರು. ನೂಲಿನ ಕಸುಬನ್ನು ಬಲ್ಲವರಿಗೆ ಈ ಉಪಾಯವು ಹೊಳೆದುದು ಆಶ್ಚರ್ಯವಲ್ಲ.

ಹೀಗೆ ಜಾರುವ ದಾರವು ಸಣ್ಣದಾಗಿಯೂ ಮೃದುವಾಗಿಯೂ ಇದ್ದರೆ ತಡೆಯಿಲ್ಲದೆ ಹೋಗುತ್ತದೆ. ದಪ್ಪವೂ ಬಿರುಸೂ ಆದ ದಾರವು ಚಿಕ್ಕ ಉರುಳೆಯ ಮೇಲೆ ಮಣಿಯದೆ ಸ್ಪ್ರಿಂಗಿನಂತೆ ಉಬ್ಬಿ ನಿಲ್ಲುತ್ತದೆ. ಬೀಸಿದಾಗ ಅದರ ದೊಡ್ಡ ಸುರುಳಿಗಳು ಕೋಲಿನ ಮೊದಲನೆಯ ಬಳೆಗೆ ಬಡಿದು ವೇಗವನ್ನು ಕಳೆಯುವುವು. ಬೀಸದೆ ಇದ್ದಾಗ ತಾವಾಗಿಯೇ ಉರುಳೆಯಿಂದ ಕಳಚಿಕೊಂಡು ಗೋಜಲಾಗುವುವು. ಮೇಲೆ ಹೇಳಿದ ಯುವಕನ ತೊಂದರೆಗೆ ಇದೇ ಕಾರಣ.

ದಾರದ ಭೇದಗಳು

ನೈಲಾನು ಬರುವುದಕ್ಕೆ ಮೊದಲು ಗಾಳದ ತುದಿಗೆ ಕಟ್ಟುವ ಪಾರದರ್ಶಕ ಎಳೆಯನ್ನು ರೇಷ್ಮೆಯ ಹುಳುವಿನಿಂದಲೇ ತೆಗೆಯುತ್ತಿದ್ದರೆಂಬುದು ನಮ್ಮ ರೇಷ್ಮೆ ಬೆಳೆಗಾರರಿಗೆ ಕುತೂಹಲಕರವಾಗಬಹುದು. ಗೂಡು ಕಟ್ಟುವ ಮುನ್ನ ಹುಳುವನ್ನು ಹುಳಿರಸದಲ್ಲಿ ನೆನೆಯಿಟ್ಟು, ಅದರ ರೇಷ್ಮೆಯ ಗ್ರಂಥಿಯನ್ನು ಹೊರತೆಗೆದು, ಎರಡು ತುದಿಗಳನ್ನು ಹಿಡಿದು ಎಳೆದರೆ ಒಂದೇ ಎಳೆಯ ಗಟ್ಟಿ ತಂತು ದೊರೆಯುತ್ತಿತ್ತು. ಸ್ಪೇಯ್ನ್ ದೇಶದ ಮುರ್ಸಿಯಾ ಪ್ರಾಂತ್ಯವು ಈ ಕಸುಬಿಗೆ ಹೆಸರಾಗಿತ್ತು. ಒಂದೊಂದು ತಂತುವೂ ಒಂದೆರಡು ಅಡಿಗಿಂತ ಉದ್ದವಿರುತ್ತಿರಲಿಲ್ಲವಾದ್ದರಿಂದ ಅವನ್ನು ಗಂಟುಹಾಕಿ ಜೋಡಿಸಬೇಕಾಗಿತ್ತು. ಒಣಗಿದಾಗ ಪೆಡಸಾಗಿ ಮುರಿಯುತ್ತಿದ್ದುದರಿಂದ ಉಪಯೋಗಿಸುವ ಮುನ್ನ ನೆನೆಯಿಡಬೇಕಾಗಿತ್ತು. ಅಮೆರಿಕಾ ದೇಶದಲ್ಲಿ 1938ರಲ್ಲಿ ನೈಲಾನು ಪ್ರಕಟವಾದ ತರುವಾಯ ಈ ಪದ್ಧತಿಯು ಕ್ರಮೇಣ ಅಳಿದುಹೋಯಿತು. ಪ್ರಕೃತ ಪೇಟೆಯಲ್ಲಿ ದೊರೆಯುವ ದಾರಗಳು ಮುಖ್ಯವಾಗಿ ಮೂರು ಬಗೆಯವು.

1. ಒಂಟಿ ಎಳೆಯ ನೈಲಾನ್ ದಾರ. ಇದು ಬೆಲೆಯಲ್ಲಿ ಅಗ್ಗ, ಗಂಟಿಗೆ ಒಳ್ಳೆಯದು, ಎಳೆದರೆ ಹಿಗ್ಗುವ ಗುಣವುಳ್ಳದ್ದು. ಹಿಗ್ಗುವ ಗುಣವು ದೋಷವೆಂದು ಕೆಲವರು ಹೇಳುವರು. ಆದರೆ ಕಡಿಮೆ ಬೆಲೆಯ ರೀಲಿನವರಿಗೆ ಇದೇ ದೊಡ್ಡ ಉಪಕಾರ. ಮೀನು ಫಕ್ಕನೆ ಎಳೆದಾಗ ಅಗ್ಗದ ರೀಲಿನ ಬಿಗಿತಿರುಪು ಒಮ್ಮೆಲೇ ಸಡಿಲವಾಗದೆ ಹಿಡಿದುಕೊಳ್ಳುತ್ತದೆ. ಆ ಕ್ಷಣದ ಏಟನ್ನು ದಾರವು ಹಿಗ್ಗಿ ತಾಳಿಕೊಳ್ಳುವುದರಿಂದ ಗಂಟು ಉಳಿಯುತ್ತದೆ. ಇದರ ಕೊರತೆಯೆಂದರೆ, ನೀರನ್ನು ಹೀರಿ ಸ್ವಲ್ಪ ಬಲಗುಂದುವುದು ಮತ್ತು ಬಿಸಿಲಿಗೆ ಬೇಗ ಕೆಡುವುದು.

2. ಫ್ಲೂರೋಕಾರ್ಬನ್ ದಾರ. ಇದು ನೋಡುವುದಕ್ಕೆ ನೈಲಾನಿನಂತೆಯೇ ಇದ್ದು, ನೀರಿನಲ್ಲಿ ಅದಕ್ಕಿಂತ ಕಡಿಮೆ ಕಾಣಿಸುತ್ತದೆ. ನೀರನ್ನು ಹೀರುವುದಿಲ್ಲವೆಂದೇ ಹೇಳಬಹುದು. ತೂಕ ಹೆಚ್ಚಾದ್ದರಿಂದ ಬೇಗ ಮುಳುಗುತ್ತದೆ. ಆದರೆ ಬಿರುಸಾಗಿರುವುದರಿಂದ ಚಿಕ್ಕ ಉರುಳೆಯ ಮೇಲೆ ಉಬ್ಬುತ್ತದೆ; ಬೆಲೆಯೂ ಹೆಚ್ಚು. ನಮ್ಮ ಕೆರೆಗಳ ನೀರು ವರ್ಷದ ಬಹುಭಾಗ ಮಣ್ಣುಬಣ್ಣವಾಗಿಯೇ ಇರುವುದರಿಂದ ಇದರ ಮುಖ್ಯ ಗುಣವು ನಮಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ನೀರು ತಿಳಿಯಾದ ಹೊಂಡಗಳಲ್ಲಿ ಗಾಳದ ಬಳಿ ಒಂದು ಮೀಟರಿನಷ್ಟು ಕಟ್ಟಿದರೆ ಸಾಕು.

3. ಹೆಣೆದ ದಾರ. ಒಂದು ಬಗೆಯ ಬಲವಾದ ಪಾಲಿಥಿನ್ ಎಳೆಗಳನ್ನು ಜಡೆಯಂತೆ ಹೆಣೆದು ಇದನ್ನು ಮಾಡುವರು. ಅಷ್ಟೇ ದಪ್ಪದ ನೈಲಾನಿಗಿಂತ ಇದು ಅನೇಕ ಪಾಲು ಬಲವಾದದ್ದು, ಹಿಗ್ಗುವುದು ಅತ್ಯಲ್ಪ, ನೀರಿನ ಮೇಲೆ ತೇಲುತ್ತದೆ. ಒಳ್ಳೆಯ ರೀಲುಳ್ಳವರಿಗೆ, ವಿಶೇಷವಾಗಿ ಜೊಂಡು ತಾವರೆಗಳ ನಡುವೆ ಕೊರವ ಮೀನನ್ನು ಹಿಡಿಯುವವರಿಗೆ, ಇದು ಶ್ರೇಷ್ಠ. ಆದರೆ ಅಗ್ಗದ ಕೋಲಿಗೆ ಇದನ್ನು ಹಾಕಿದರೆ ಬಳೆಗಳಲ್ಲಿ ಗೀರು ಬೀಳುವ ಸಂಭವ ಉಂಟು. ನುಣುಪಾದ ಉರುಳೆಯ ಮೇಲೆ ಹಿಡಿತವಿಲ್ಲದೆ ಸುತ್ತೆಲ್ಲವೂ ಜಾರುತ್ತದೆ. ಏಟನ್ನು ತಾಳುವ ಹಿಗ್ಗು ಇಲ್ಲದುದರಿಂದ ಗಾಳವು ಮೀನಿನ ಬಾಯಿಯಿಂದ ಕಿತ್ತುಬರುತ್ತದೆ, ಇಲ್ಲವೆ ಕೋಲೇ ಮುರಿಯುತ್ತದೆ. ಎಲ್ಲಿಯಾದರೂ ಸಿಕ್ಕಿಕೊಂಡಾಗ ಬರಿಗೈಗೆ ಸುತ್ತಿ ಎಳೆದರೆ ಬೆರಳನ್ನು ಕೊಯ್ಯುವುದೂ ಉಂಟು.

ಈ ಕಾರಣಗಳಿಂದ ಕಡಿಮೆ ಬೆಲೆಯ ಕೋಲನ್ನು ಕೊಂಡವರಿಗೆ ಒಂಟಿ ಎಳೆಯ ನೈಲಾನ್ ದಾರವೇ ಯುಕ್ತವಾದದ್ದು. ಕೋಲು ರೀಲುಗಳಲ್ಲಿ ಉಳಿಸಿದ ಹಣದಲ್ಲಿ ಅಲ್ಪಭಾಗವನ್ನು ಒಳ್ಳೆಯ ನೈಲಾನಿಗೆ ವೆಚ್ಚಮಾಡಿದರೆ ಅದು ವ್ಯರ್ಥವಾಗುವುದಿಲ್ಲ.

ದಪ್ಪ ಮತ್ತು ಬಲ

ರೀಲಿನ ಉರುಳೆಯ ಮೇಲೆ ಸಾಮಾನ್ಯವಾಗಿ “0.25/200” ಎಂಬಂತಹ ಅಂಕಿಗಳಿರುತ್ತವೆ. 0.25 ಮಿಲಿಮೀಟರ್ ದಪ್ಪದ ದಾರವು 200 ಮೀಟರ್ ಹಿಡಿಸುವುದೆಂದು ಇದರ ಅರ್ಥ. ಕೋಲಿನ ಹಿಡಿಯ ಮೇಲ್ಗಡೆಯಲ್ಲಿ ಅದಕ್ಕೆ ತಕ್ಕ ದಾರದ ಬಲವನ್ನು ಪೌಂಡಿನ ಲೆಕ್ಕದಲ್ಲಿ ಬರೆದಿರುವರು. ಒಂದು ಪೌಂಡು ಸುಮಾರು 450 ಗ್ರಾಂ ಎಂದಿಟ್ಟುಕೊಂಡರೆ, 8 ಪೌಂಡಿನ ದಾರವು ಸುಮಾರು 3.6 ಕಿಲೋಗ್ರಾಂ, 12 ಪೌಂಡಿನದು ಸುಮಾರು 5.4 ಕಿಲೋಗ್ರಾಂ ತಡೆಯುವುದು. ಕೋಲಿನ ಮೇಲೆ 6ರಿಂದ 12 ಪೌಂಡು ಎಂದಿದ್ದರೆ 20 ಪೌಂಡಿನ ದಾರವನ್ನು ಹಾಕಕೂಡದು. ಹಾಕಿದರೆ ಎಳೆತವು ಹೆಚ್ಚಾದಾಗ ದಾರವು ಹರಿಯುವುದಕ್ಕೆ ಮೊದಲು ಕೋಲು ಮುರಿಯುತ್ತದೆ.

ದಾರದ ದಪ್ಪವು ಇಮ್ಮಡಿಯಾದರೆ ಅದರ ಬಲವು ಸುಮಾರು ನಾಲ್ಕು ಪಾಲಾಗುತ್ತದೆ. ಆದರೆ ಅದೇ ಉರುಳೆಯಲ್ಲಿ ಹಿಡಿಸುವ ಉದ್ದವು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 0.25/200 ಎಂಬ ಗುರುತುಳ್ಳ ರೀಲಿಗೆ ಲೆಕ್ಕ ಮಾಡಿದ ಅಂಕಿಗಳನ್ನು ಕೆಳಗೆ ಕೊಟ್ಟಿದೆ. ಒಳ್ಳೆಯ ನೈಲಾನಿಗೆ ಬಲವು ಸ್ಥೂಲವಾಗಿ ಹೀಗಿರುವುದು. ತಯಾರಕರಿಂದ ತಯಾರಕರಿಗೆ ಸ್ವಲ್ಪ ವ್ಯತ್ಯಾಸ ಉಂಟು.

0.20 ಮಿ.ಮೀ. — ಬಲ ಸುಮಾರು 2.5ರಿಂದ 3 ಕಿಲೋ — ಹಿಡಿಸುವ ಉದ್ದ ಸುಮಾರು 310 ಮೀಟರ್
0.25 ಮಿ.ಮೀ. — ಬಲ ಸುಮಾರು 4 ಕಿಲೋ — 200 ಮೀಟರ್
0.30 ಮಿ.ಮೀ. — ಬಲ ಸುಮಾರು 5ರಿಂದ 6 ಕಿಲೋ — ಸುಮಾರು 140 ಮೀಟರ್
0.35 ಮಿ.ಮೀ. — ಬಲ ಸುಮಾರು 7 ಕಿಲೋ — ಸುಮಾರು 100 ಮೀಟರ್
0.40 ಮಿ.ಮೀ. — ಬಲ ಸುಮಾರು 9 ಕಿಲೋ — ಸುಮಾರು 78 ಮೀಟರ್

ಕೃಷಿಹೊಂಡದ ಗೆಂಡೆ, ರೋಹು, ಜಿಲೇಬಿ ಮೀನುಗಳಿಗೆ 0.25 ಮಿಲಿಮೀಟರ್ ದಾರವು ಸಾಕು. ದೊಡ್ಡ ಕೆರೆಗಳಲ್ಲಿ, ಬಲಿತ ಕಾಟ್ಲಾ ಮತ್ತು ಗೆಂಡೆಗಳಿಗೆ, 0.30 ಮಿಲಿಮೀಟರ್ ಯುಕ್ತ. ಜೊಂಡು, ಮುಳುಗಿದ ಗಿಡ ಇರುವ ಕಡೆ 0.35 ಮಿಲಿಮೀಟರನ್ನು ಹಾಕಬಹುದು. ಅದಕ್ಕಿಂತ ದಪ್ಪವಾದುದನ್ನು ಈ ರೀಲುಗಳಿಗೆ ಸುತ್ತಬಾರದು.

ನಾಲ್ಕು ಕಿಲೋ ಬಲದ ದಾರದಿಂದ ಐದು ಕಿಲೋ ಮೀನನ್ನು ಹಿಡಿಯುವುದೆಂತು ಎಂದು ಕೆಲವರು ಕೇಳಬಹುದು. ನೀರಿನಲ್ಲಿರುವ ಮೀನಿನ ತೂಕವನ್ನು ನೀರೇ ಹೊರುತ್ತದೆ. ದಾರದ ಮೇಲೆ ಬೀಳುವುದು ಅದರ ಓಟದ ಎಳೆತ ಮಾತ್ರ. ಮೀನು ಓಡಿದಾಗ ಉರುಳೆಯು ಜಾರಿ ದಾರವನ್ನು ಬಿಟ್ಟುಕೊಡುವಂತೆ ಬಿಗಿತಿರುಪನ್ನು ಹದಮಾಡಿದ್ದರೆ ದಾರದ ಬಲವನ್ನು ಮೀರುವ ಎಳೆತವು ಬೀಳುವುದಿಲ್ಲ. ಮೀನು ಓಡಿ ಓಡಿ ದಣಿಯುತ್ತದೆ. ಆದರೆ ದಡಕ್ಕೆ ಬಂದ ಮೀನನ್ನು ದಾರದಿಂದ ಮೇಲಕ್ಕೆ ಎತ್ತಕೂಡದು. ಕೈಬಲೆಯನ್ನು ಕೆಳಗೊಡ್ಡಿ ತೆಗೆಯಬೇಕು.

ಕೊಳ್ಳುವಾಗ ಮಾಡಬೇಕಾದ ಪರೀಕ್ಷೆ

ದಾರದ ಪೊಟ್ಟಣದ ಮೇಲಿನ ಬರಹವನ್ನು ಪೂರ್ತಿಯಾಗಿ ನಂಬಬಾರದು. ಸಣ್ಣ ದಾರವು ಬಹಳ ಬಲವಾಗಿದೆಯೆಂದು ತೋರಿಸುವುದಕ್ಕಾಗಿ ದಪ್ಪವನ್ನು ಕಡಿಮೆ ಬರೆದಿರುವುದು ಉಂಟು. ಇದನ್ನು ಕಂಡುಹಿಡಿಯಲು ಯಂತ್ರವು ಬೇಕಾಗಿಲ್ಲ. ಒಂದು ಪೆನ್ಸಿಲಿನ ಮೇಲೆ ದಾರವನ್ನು ಎಡೆಯಿಲ್ಲದಂತೆ, ಒಂದರ ಮೇಲೊಂದು ಏರದಂತೆ, ಪಕ್ಕಪಕ್ಕದಲ್ಲಿ 20 ಸುತ್ತು ಸುತ್ತಿ, ಸುತ್ತಿದ ಭಾಗದ ಅಗಲವನ್ನು ಶಾಲೆಯ ಅಡಿಪಟ್ಟಿಯಿಂದ ಅಳೆಯಬೇಕು. ಅಗಲವು 5 ಮಿಲಿಮೀಟರ್ ಇದ್ದರೆ ದಾರವು 0.25 ದಪ್ಪದ್ದು, 6 ಇದ್ದರೆ 0.30, 7 ಇದ್ದರೆ 0.35, 8 ಇದ್ದರೆ 0.40. 0.25 ಎಂದು ಬರೆದ ದಾರವು 7 ಮಿಲಿಮೀಟರ್ ಅಗಲ ಬಂದರೆ ಆ ಪೊಟ್ಟಣವನ್ನು ಹಿಂದಿರುಗಿಸುವುದು ಮೇಲು.

ಇದಲ್ಲದೆ ದಾರವನ್ನು ಬೆಳಕಿಗೆ ಹಿಡಿದು ನೋಡಬೇಕು. ಬೆಳ್ಳಗೆ ಮಂಕಾಗಿದ್ದರೆ, ಉಗುರಿನ ನಡುವೆ ಎಳೆದಾಗ ತರಿತರಿಯಾಗಿ ತೋರಿದರೆ, ಅಥವಾ ಉರುಳೆಯಿಂದ ಬಿಚ್ಚಿದ ಮೊಳದುದ್ದದ ತುಂಡು ಕೈಯಲ್ಲಿ ಎಳೆದ ಮೇಲೂ ಸುರುಳಿಯಾಗಿಯೇ ನಿಂತರೆ ಅದು ಹಳೆಯ ಸರಕು. ಅಂಗಡಿಯ ಮುಂದೆ ಬಿಸಿಲಿಗೆ ತೂಗುಹಾಕಿದ ಪೊಟ್ಟಣವನ್ನು ಕೊಳ್ಳಬಾರದು. ಒಳಗೆ ಕತ್ತಲೆಯಲ್ಲಿಟ್ಟಿರುವುದನ್ನು ಕೇಳಿ ಪಡೆಯಬೇಕು. ದಾರದ ಬಣ್ಣಕ್ಕೆ ಹೆಚ್ಚು ಗಮನ ಕೊಡಬೇಕಾದುದಿಲ್ಲ.

ಗಂಟು ಹಾಕುವ ಕ್ರಮ

ದಾರದ ಬಲವೆಲ್ಲವೂ ಗಂಟಿನ ಬಲವನ್ನು ಅವಲಂಬಿಸಿದೆ. ಸಾಮಾನ್ಯವಾದ ಒಂಟಿಗಂಟು ಹಾಕಿದರೆ ನೈಲಾನಿನ ಬಲವು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗಾಳವನ್ನು ಕಟ್ಟುವುದಕ್ಕೆ ಕೆಳಗಿನ ಗಂಟು ಉತ್ತಮವಾದದ್ದು. ದಾರದ ತುದಿಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ ಒಂದು ಗೇಣಿನಷ್ಟು ಎಳೆದುಕೊಳ್ಳಬೇಕು. ಆ ತುದಿಯನ್ನು ಮೂಲ ದಾರದ ಸುತ್ತ ಐದು ಸುತ್ತು ಸುತ್ತಬೇಕು. ಅನಂತರ ಗಾಳದ ಕಣ್ಣಿನ ಪಕ್ಕದಲ್ಲಿ ಉಂಟಾದ ಚಿಕ್ಕ ಕುಣಿಕೆಯಲ್ಲಿ ತುದಿಯನ್ನು ತೂರಿಸಿ, ಇದರಿಂದ ಉಂಟಾದ ದೊಡ್ಡ ಕುಣಿಕೆಯಲ್ಲಿಯೂ ಒಮ್ಮೆ ತೂರಿಸಬೇಕು. ಗಂಟನ್ನು ನೀರಿನಲ್ಲಿ ಒದ್ದೆಮಾಡಿ ನಿಧಾನವಾಗಿ ಬಿಗಿದು, ಉಳಿದ ತುದಿಯನ್ನು ಕತ್ತರಿಸಬೇಕು. ಒಣಗಿದ ದಾರವನ್ನು ಫಕ್ಕನೆ ಬಿಗಿದರೆ ಉಜ್ಜುವುದರಿಂದ ಉಂಟಾಗುವ ಕಾವಿನಿಂದಲೇ ಅದರ ಬಲವು ಕುಂದುತ್ತದೆ. ಒದ್ದೆಮಾಡುವುದು ಸಣ್ಣ ಕೆಲಸವಾದರೂ ಮರೆಯಕೂಡದು.

ಬಕೆಟ್ಟಿನ ಪರೀಕ್ಷೆ

ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುವುದರಿಂದ ದಾರದ ನಿಜವಾದ ಬಲವನ್ನು ಮನೆಯ ಬಕೆಟ್ಟಿನಿಂದಲೇ ತಿಳಿಯಬಹುದು. ಎರಡು ಮೀಟರ್ ದಾರವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಯಿಡಬೇಕು. ಅದರ ಒಂದು ತುದಿಯನ್ನು ನುಣುಪಾದ ದಪ್ಪ ಗಳುವಿಗೆ ಏಳೆಂಟು ಸುತ್ತು ಸುತ್ತಿ ಕಟ್ಟಬೇಕು; ಹೀಗೆ ಸುತ್ತಿದರೆ ಆ ಕಡೆಯ ಗಂಟಿನ ಮೇಲೆ ಭಾರ ಬೀಳುವುದಿಲ್ಲ. ಇನ್ನೊಂದು ತುದಿಗೆ ಬೀಗದ ಕೈಗಳನ್ನು ಹಾಕುವ ಸಣ್ಣ ಉಕ್ಕಿನ ಬಳೆಯನ್ನು ಮೇಲೆ ಹೇಳಿದ ಗಂಟಿನಿಂದ ಕಟ್ಟಿ, ಬಳೆಗೆ ಬಕೆಟ್ಟನ್ನು ತೂಗುಹಾಕಬೇಕು. ಬಕೆಟ್ಟು ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು. ಕಾಲನ್ನು ಅದರ ಕೆಳಗೆ ಇಡಬಾರದು. ಲೀಟರ್ ಲೀಟರಾಗಿ ನೀರನ್ನು ನಿಧಾನವಾಗಿ ಹೊಯ್ಯುತ್ತ ಬಂದರೆ ದಾರವು ಹರಿಯುವ ಭಾರವು ತಿಳಿಯುವುದು. ನೀರಿನ ಲೆಕ್ಕಕ್ಕೆ ಬಕೆಟ್ಟಿನ ತೂಕವನ್ನು ಸೇರಿಸಬೇಕು. ಹೀಗೆ ಮೂರು ಸಲ ಪರೀಕ್ಷಿಸಿ ಅವುಗಳಲ್ಲಿ ಕಡಿಮೆಯಾದುದನ್ನೇ ದಾರದ ಬಲವೆಂದು ಎಣಿಸತಕ್ಕದ್ದು.

ದಾರವು ಯಾವ ಸ್ಥಳದಲ್ಲಿ ಹರಿಯಿತೆಂಬುದನ್ನು ಸಹ ನೋಡಬೇಕು. ಬಳೆಯ ಗಂಟಿನಲ್ಲಿ ಹರಿದರೆ ದಾರವು ಆರೋಗ್ಯವಾಗಿದೆ. ನಡುವೆ ಹರಿದರೆ ಆ ಭಾಗದಲ್ಲಿ ಗಾಯವಿದೆ, ಅಥವಾ ದಾರವೆಲ್ಲವೂ ಹಳಸಿದೆ ಎಂದು ತಿಳಿಯಬೇಕು. ಅಂತಹ ದಾರವು ಕೆರೆಯಲ್ಲಿಯೂ ನಡುವೆಯೇ ಹರಿದು, ಉದ್ದವಾದ ತುಂಡನ್ನು ನೀರಿನಲ್ಲಿ ಬಿಟ್ಟುಬರುವುದು.

ಮೊದಲು ಹೇಳಿದ ಹಿಡುವಳಿದಾರರ ಮನೆಯಂಗಳದಲ್ಲಿ ಇದೇ ಪರೀಕ್ಷೆಯನ್ನು ಮಾಡಿದೆವು. ಪೊಟ್ಟಣದ ಮೇಲೆ 12 ಕಿಲೋ ಎಂದು ಬರೆದಿದ್ದ ಆ ದಪ್ಪ ದಾರವು, ಯುವಕನು ವಾಡಿಕೆಯಂತೆ ಹಾಕಿದ ಒಣಗಂಟಿನಲ್ಲಿ 5 ಕಿಲೋಗೇ ಹರಿಯಿತು. ತರುವಾಯ ತಂದ 0.30 ಮಿಲಿಮೀಟರಿನ ಹೊಸ ದಾರವು ಒದ್ದೆಮಾಡಿ ಬಿಗಿದ ಗಂಟಿನಲ್ಲಿ ಅಷ್ಟೇ ಭಾರವನ್ನು ತಡೆಯಿತು. ದಪ್ಪದಲ್ಲಿಯೇ ಬಲವಿದೆಯೆಂಬ ಭ್ರಮೆಯು ಆ ಮನೆಯವರಿಗೆ ಅಂದೇ ಬಿಟ್ಟುಹೋಯಿತು.

ಬಿಗಿತಿರುಪನ್ನು ಹದಮಾಡುವುದು

ಪರೀಕ್ಷೆಯಲ್ಲಿ ತಿಳಿದ ಬಲದ ನಾಲ್ಕರಲ್ಲಿ ಒಂದು ಪಾಲಿಗೆ ಉರುಳೆಯು ಜಾರುವಂತೆ ಬಿಗಿತಿರುಪನ್ನು ಇಡಬೇಕು. 4 ಕಿಲೋ ಬಲದ ದಾರವಾದರೆ 1 ಕಿಲೋಗೆ ಜಾರಬೇಕು. ಒಂದು ಲೀಟರ್ ನೀರು ತುಂಬಿದ ಬಾಟಲಿಯನ್ನು ದಾರಕ್ಕೆ ಕಟ್ಟಿ, ಕೋಲನ್ನು ಓರೆಯಾಗಿ ಹಿಡಿದು ಮೆಲ್ಲಗೆ ಎತ್ತಬೇಕು. ಬಾಟಲಿಯು ಸಲೀಸಾಗಿ ಮೇಲೆದ್ದರೆ ತಿರುಪು ಬಿಗಿಯಾಯಿತು. ಅಲುಗದೆಯೇ ದಾರವು ಜಾರಿದರೆ ಸಡಿಲವಾಯಿತು. ಬಾಟಲಿಯು ನೆಲವನ್ನು ಬಿಡುವ ಹೊತ್ತಿಗೆ ಉರುಳೆಯು ತಡೆತಡೆದು ನಿಲ್ಲದೆ ನಯವಾಗಿ ಜಾರುವುದೇ ಹದ. ಮೀನು ಓಡುತ್ತಿರುವಾಗ, ಉರುಳೆಯು ಜಾರುತ್ತಿರುವಾಗ, ರೀಲಿನ ಹಿಡಿಯನ್ನು ತಿರುಗಿಸಬಾರದು. ತಿರುಗಿಸಿದರೆ ದಾರವು ಒಳಗೆ ಬರುವುದಿಲ್ಲ. ಬದಲಾಗಿ ಒಂದೊಂದು ಸುತ್ತಿಗೂ ನಾಲ್ಕೈದು ಹುರಿ ಏರುತ್ತದೆ. ಹುರಿಯೇರಿದ ದಾರವು ಸಡಿಲ ಬಿಟ್ಟೊಡನೆ ತನ್ನಷ್ಟಕ್ಕೆ ತಾನೇ ಸುತ್ತಿಕೊಳ್ಳುವುದು. ಈ ದೋಷವು ಕಂಡರೆ ಗಾಳವನ್ನು ಬಿಚ್ಚಿ, ಹುಲ್ಲಿನ ಬಯಲಿನಲ್ಲಿ ದಾರವನ್ನು ಉದ್ದಕ್ಕೆ ಬಿಟ್ಟು ಎಳೆದುಕೊಂಡು ನಡೆದರೆ ಹುರಿಯು ಬಿಚ್ಚಿಕೊಳ್ಳುವುದು.

ಸುತ್ತುವುದು ಮತ್ತು ಕಾಪಾಡುವುದು

ದಾರವನ್ನು ರೀಲಿಗೆ ಸುತ್ತುವಾಗ ಪೊಟ್ಟಣದ ಉರುಳೆಯನ್ನು ನೆಲದ ಮೇಲೆ ಮಲಗಿಸಿ, ದಾರವನ್ನು ಒದ್ದೆ ಬಟ್ಟೆಯ ನಡುವೆ ಹಿಡಿದು ಬಿಗಿಯಾಗಿ ಸುತ್ತಬೇಕು. ಹತ್ತು ಹದಿನೈದು ಸುತ್ತಾದ ಮೇಲೆ ದಾರವನ್ನು ಸಡಿಲಬಿಟ್ಟು ನೋಡಿ, ಹುರಿಯಾಗುತ್ತಿದ್ದರೆ ಕೆಳಗಿನ ಉರುಳೆಯನ್ನು ಮಗುಚಿ ಹಾಕಿ ಮುಂದುವರಿಸಬೇಕು. ಉರುಳೆಯ ಅಂಚಿಗೆ 2ರಿಂದ 3 ಮಿಲಿಮೀಟರ್ ಕಡಿಮೆಯಾಗಿ ತುಂಬಿದರೆ ಸರಿ. ಅದಕ್ಕಿಂತ ಹೆಚ್ಚಾದರೆ ದಾರವು ಉಕ್ಕಿ ಬೀಳುತ್ತದೆ; ಬಹಳ ಕಡಿಮೆಯಾದರೆ ಅಂಚಿಗೆ ಉಜ್ಜಿ ದೂರ ಹೋಗುವುದಿಲ್ಲ.

ಕೋಲಿನ ಬಳೆಗಳಲ್ಲಿ ತಿಂಗಳಿಗೊಮ್ಮೆ ಸ್ವಲ್ಪ ಹತ್ತಿಯನ್ನು ತೂರಿಸಿ ಎಳೆದು ನೋಡಬೇಕು. ಎಳೆಯು ಸಿಕ್ಕಿದ ಬಳೆಯಲ್ಲಿ ಸೀಳು ಇದೆ. ಅದು ದಾರವನ್ನು ಕೊಯ್ಯುವುದು. ರೀಲಿನ ಕಂಬಿಯ ಕೊನೆಯಲ್ಲಿ ದಾರವು ಹಾದುಹೋಗುವ ಚಿಕ್ಕ ರಾಟೆಯು ಸಲೀಸಾಗಿ ತಿರುಗುತ್ತಿರಬೇಕು. ಪ್ರತಿದಿನ ಗಾಳ ಹಾಕುವ ಮುನ್ನ ಕೊನೆಯ ಎರಡು ಮೀಟರ್ ದಾರವನ್ನು ಬೆರಳಿನ ನಡುವೆ ಎಳೆದು, ತರಿ ಸಿಕ್ಕಿದರೆ ಅಷ್ಟನ್ನು ಕತ್ತರಿಸಿ ಗಂಟನ್ನು ಹೊಸದಾಗಿ ಹಾಕಬೇಕು. ಕೆಲಸ ಮುಗಿದ ಮೇಲೆ ಬಿಗಿತಿರುಪನ್ನು ಸಡಿಲಿಸಿ, ಕೋಲನ್ನು ನೆರಳಿನಲ್ಲಿಡಬೇಕು. ಕೀಟನಾಶಕ, ಸೀಮೆಎಣ್ಣೆಗಳಿರುವ ಉಗ್ರಾಣದಲ್ಲಿ ಇಡಕೂಡದು. ದಾರವನ್ನು ವರ್ಷಕ್ಕೊಮ್ಮೆ, ಹೆಚ್ಚು ಬಳಸುವವರು ಆರು ತಿಂಗಳಿಗೊಮ್ಮೆ, ಬದಲಾಯಿಸುವುದು ಒಳ್ಳೆಯದು. ಉರುಳೆಯ ತಳದಲ್ಲಿ ಹಳೆಯ ದಾರವನ್ನೇ ಬಿಟ್ಟು ಮೇಲಿನ ಐವತ್ತು ಅರವತ್ತು ಮೀಟರನ್ನು ಮಾತ್ರ ಹೊಸದಾಗಿ ಸೇರಿಸಿದರೂ ಸಾಕಾಗುವುದರಿಂದ ಖರ್ಚು ಅಲ್ಪವೇ.

ಗ್ರಾಮದ ಮುಖಂಡರ ಗಮನಕ್ಕೆ

ಕೊನೆಯದಾಗಿ, ಊರಿನ ಹಿರಿಯರು ತಮ್ಮ ಗ್ರಾಮದಲ್ಲಿ ಪ್ರಚಾರಪಡಿಸಬೇಕಾದ ಕೆಲವು ಸಂಗತಿಗಳಿವೆ.

ಮೊದಲನೆಯದಾಗಿ, ನೈಲಾನ್ ದಾರವು ಹತ್ತಿಯ ನೂಲಿನಂತೆ ಕೊಳೆಯುವುದಿಲ್ಲ. ಕೆರೆಯ ಏರಿಯ ಮೇಲೆ ಎಸೆದ ತುಂಡು ಎಷ್ಟೋ ವರ್ಷ ಹಾಗೆಯೇ ಇರುವುದು. ಹಕ್ಕಿಗಳ ಕಾಲಿಗೂ ಕೊಕ್ಕಿಗೂ ಸುತ್ತಿಕೊಳ್ಳುವುದು. ಹುಲ್ಲಿನ ಜೊತೆಗೆ ದನಗಳ ಹೊಟ್ಟೆಗೆ ಹೋದರೆ ಕರಗದೆ ಉಳಿದು ತೊಂದರೆಯನ್ನುಂಟುಮಾಡುವುದು. ಆದಕಾರಣ ಹಳೆಯ ದಾರವನ್ನು ಗೇಣುದ್ದದ ತುಂಡುಗಳಾಗಿ ಕತ್ತರಿಸಿ, ಮುಚ್ಚಳವಿರುವ ಬಾಟಲಿಯಲ್ಲಿ ಹಾಕಿ ಕಸದ ಗಾಡಿಗೆ ಕೊಡತಕ್ಕದ್ದು. ಗಾಳವು ತಳದಲ್ಲಿ ಸಿಕ್ಕಿಕೊಂಡಾಗ ದಡದಲ್ಲಿ ನಿಂತು ದಾರವನ್ನು ಕತ್ತರಿಸಬಾರದು. ಕೈಗೆ ಬಟ್ಟೆ ಸುತ್ತಿ, ಕೋಲನ್ನು ನೇರ ಹಿಡಿದು ಹಿಂದಕ್ಕೆ ಎಳೆದರೆ ಸರಿಯಾದ ದಾರವು ಗಂಟಿನಲ್ಲಿ ಹರಿದು ಉಳಿದುದೆಲ್ಲವೂ ಕೈಗೆ ಬರುವುದು.

ಎರಡನೆಯದಾಗಿ, ಪಾಲಿಥಿನ್ ಹಾಳೆ ಹೊದಿಸಿದ ಕೃಷಿಹೊಂಡಗಳಲ್ಲಿ ಗಾಳವು ತಳವನ್ನು ಮುಟ್ಟದಂತೆ ಬೆಂಡು ಕಟ್ಟಿಯೇ ಹಾಕಬೇಕು. ಹಾಳೆಯಲ್ಲಿ ಒಂದು ತೂತಾದರೆ ಬೇಸಗೆಗೆಂದು ಕೂಡಿಟ್ಟ ನೀರು ಇಂಗಿಹೋಗುವುದು. ಅದರ ಮುಂದೆ ಒಂದು ಮೀನಿನ ಬೆಲೆ ಏನೂ ಅಲ್ಲ.

ಮೂರನೆಯದಾಗಿ, ಊರಿನ ಕೆರೆಗಳ ಮೀನಿನ ಹಕ್ಕನ್ನು ಬಹುಮಟ್ಟಿಗೆ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಕೊಟ್ಟಿರುವುದುಂಟು. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮಕ್ಕೆ ಒಳಪಟ್ಟ ನೀರಿನಲ್ಲಿ ಗಾಳ ಹಾಕುವ ಮುನ್ನ ಗ್ರಾಮ ಪಂಚಾಯಿತಿಯನ್ನೂ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳನ್ನೂ ವಿಚಾರಿಸಿ ಅನುಮತಿ ಪಡೆಯುವುದು ಕ್ರಮ. ಮುಂಗಾರಿನಲ್ಲಿ ಮೊಟ್ಟೆ ತುಂಬಿದ ಮೀನುಗಳು ಹೊಸ ನೀರಿಗೆ ಏರಿಬರುವಾಗ ಗಾಳ ಹಾಕದಿರುವುದು ಮುಂದಿನ ವರ್ಷದ ಮೀನನ್ನು ಉಳಿಸಿಕೊಂಡಂತೆ.

ಸಾರಾಂಶ

ರೀಲಿನ ಗುರುತಿಗೂ ಕೋಲಿನ ಗುರುತಿಗೂ ತಕ್ಕಂತೆ 0.25ರಿಂದ 0.30 ಮಿಲಿಮೀಟರಿನ ಒಂಟಿ ಎಳೆಯ ನೈಲಾನ್ ದಾರವನ್ನು ಕೊಳ್ಳಬೇಕು. ಪೆನ್ಸಿಲಿನಿಂದ ದಪ್ಪವನ್ನೂ ಬಕೆಟ್ಟಿನಿಂದ ಬಲವನ್ನೂ ಪರೀಕ್ಷಿಸಬೇಕು. ಗಂಟನ್ನು ಒದ್ದೆಮಾಡಿ ಬಿಗಿಯಬೇಕು. ಬಲದ ಕಾಲುಪಾಲಿಗೆ ಬಿಗಿತಿರುಪನ್ನು ಹದಮಾಡಬೇಕು. ಹಳೆಯ ದಾರವನ್ನು ಮನೆಗೆ ಹಿಂದಕ್ಕೆ ತರಬೇಕು. ಬಿತ್ತನೆಯ ಬೀಜವನ್ನು ಮೊಳಕೆಯಿಟ್ಟು ನೋಡದೆ ಹೊಲಕ್ಕೆ ಹಾಕದ ರೈತನು ದಾರವನ್ನು ಸಹ ಪರೀಕ್ಷಿಸದೆ ನೀರಿಗೆ ಹಾಕಬಾರದು. ನಾನು ಕಂಡ ಆ ಯುವಕನು ಈಗ ಅದೇ ಅಗ್ಗದ ಕೋಲಿಗೆ ಹೊಸ ಬಳೆಯೊಂದನ್ನು ಹಾಕಿಸಿ, ಸಣ್ಣ ದಾರವನ್ನು ಸುತ್ತಿಕೊಂಡು ತಮ್ಮ ಹೊಂಡದ ಗೆಂಡೆಗಳನ್ನು ತೃಪ್ತಿಕರವಾಗಿ ಹಿಡಿಯುತ್ತಿದ್ದಾನೆ. ಅವನ ಕೈಚೀಲದಲ್ಲಿ ತುಂಡು ದಾರಗಳನ್ನು ಹಾಕುವುದಕ್ಕಾಗಿ ಬಾಟಲಿಯೊಂದು ಸದಾ ಇರುತ್ತದೆ.